ಚಕಮಕಿ ಕಲ್ಲು ಮತ್ತು ಇಟ್ಟಿಗೆ: ಇಂಗ್ಲೆಂಡಿನ ಹಳೆಯ ರೈತಮನೆ ಹೇಳುವ ಚರಿತ್ರೆ



ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೋಟೆ, ಅರಮನೆ, ಗುಂಬಜ್ ಮತ್ತು ಮಿನಾರುಗಳು. ಪಠ್ಯಪುಸ್ತಕದ ಚಿತ್ರಗಳೂ ಇವೇ, ಶಾಲೆಯ ಪ್ರವಾಸದ ಸ್ಥಳಗಳೂ ಇವೇ. ಆದರೆ ಅರಮನೆಯಲ್ಲಿ ವಾಸಿಸಿದವರು ಎಷ್ಟು ಜನ? ಉಳಿದ ಲಕ್ಷಾಂತರ ಜನ ಎಲ್ಲಿ ಮಲಗಿದರು, ಎಲ್ಲಿ ಅಡುಗೆ ಮಾಡಿದರು, ಬೆಳೆದ ಧಾನ್ಯವನ್ನು ಎಲ್ಲಿ ಇಟ್ಟರು? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ನಾವು ಸಾಮಾನ್ಯರ ಮನೆಗಳ ಕಡೆಗೆ ತಿರುಗಬೇಕು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಕುರುಹುಗಳನ್ನು ಗಮನಿಸಿ ಪಾಠ ಕಲಿಯುವಂತೆ ಪವಿತ್ರ ಕುರ್‌ಆನ್ ಹಲವೆಡೆ ಮನುಷ್ಯನಿಗೆ ತಿಳಿಸುತ್ತದೆ. ಆ ಕುರುಹುಗಳು ಬರೀ ರಾಜರವು ಮಾತ್ರ ಆಗಿರಬೇಕಾಗಿಲ್ಲ.

ಈ ಲೇಖನದಲ್ಲಿ ನಾನು ನಿಮ್ಮನ್ನು ಇಂಗ್ಲೆಂಡಿನ ಪೂರ್ವ ಭಾಗದ ನಾರ್ಫೋಕ್ ಎಂಬ ಪ್ರಾಂತ್ಯಕ್ಕೆ ಕರೆದೊಯ್ಯಲು ಬಯಸುತ್ತೇನೆ. ನೋಡಲಿರುವುದು ಯಾವ ಲಾರ್ಡ್‌ನ ಬಂಗಲೆಯೂ ಅಲ್ಲ. ಇಟ್ಟಿಗೆ ಮತ್ತು ಚಕಮಕಿ ಕಲ್ಲಿನಿಂದ ಕಟ್ಟಿದ ರೈತರ ಮನೆ. ಆ ಮನೆಯ ಗೋಡೆಯನ್ನು ಒಂದು ಪುಸ್ತಕದಂತೆ ಓದಲು ಸಾಧ್ಯ ಎಂಬುದನ್ನು ತೋರಿಸುವುದೇ ಈ ಬರಹದ ಉದ್ದೇಶ.

ನೆಲದಡಿಯ ಸಂಪತ್ತು

ನಾರ್ಫೋಕ್ ಉತ್ತರ ಸಮುದ್ರದ ದಂಡೆಯಲ್ಲಿರುವ ಬಯಲು ನಾಡು. ಗೋಧಿ, ಬಾರ್ಲಿ ಚೆನ್ನಾಗಿ ಬೆಳೆಯುವ ಪ್ರದೇಶ. ಆದರೆ ಮನೆ ಕಟ್ಟುವವರಿಗೆ ಅಲ್ಲಿ ಒಂದು ದೊಡ್ಡ ಕೊರತೆ ಇತ್ತು. ಕೆತ್ತಿ ಚೌಕಾಕಾರಕ್ಕೆ ತರಬಹುದಾದ ಒಳ್ಳೆಯ ಕಟ್ಟಡದ ಕಲ್ಲು ಅಲ್ಲಿ ಸಿಗುವುದು ಬಹಳ ಅಪರೂಪ. ದೊಡ್ಡ ಚರ್ಚುಗಳಿಗೆ ಬೇಕಾದ ಕಲ್ಲನ್ನು ದೂರದ ಊರುಗಳಿಂದ ದೋಣಿಗಳಲ್ಲಿ ತರಿಸಬೇಕಾಗಿತ್ತು. ಒಬ್ಬ ರೈತನಿಗೆ ಅಂಥ ಖರ್ಚು ನಿಲುಕುವುದಲ್ಲ.

ಅಲ್ಲಿನ ನೆಲದಡಿಯಲ್ಲಿ ಇರುವುದು ಮೃದುವಾದ ಬಿಳಿಯ ಸುಣ್ಣದ ಕಲ್ಲು. ಇಂಗ್ಲಿಷಿನಲ್ಲಿ ಅದಕ್ಕೆ ಚಾಕ್ ಎನ್ನುತ್ತಾರೆ. ನಾವು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುವ ವಸ್ತುವಿಗೂ ಇದೇ ಹೆಸರು. ಕನ್ನಡದಲ್ಲಿ ಅದನ್ನು 'ಸೀಮೆಸುಣ್ಣ' ಎಂದು ಕರೆದದ್ದು ಎಷ್ಟು ಸೂಕ್ತ! ಸೀಮೆ ಎಂದರೆ ಪರದೇಶ. ಈ ಸುಣ್ಣದ ಪದರಗಳು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಸೂಕ್ಷ್ಮ ಜೀವಿಗಳ ಚಿಪ್ಪುಗಳು ಶೇಖರವಾಗಿ ರೂಪುಗೊಂಡವು. ಅದೇ ಸಮುದ್ರದಲ್ಲಿದ್ದ ಸ್ಪಂಜು ಮುಂತಾದ ಜೀವಿಗಳ ದೇಹದ ಸಿಲಿಕಾ ಕರಗಿ, ಸುಣ್ಣದ ನಡುವೆ ಗಡ್ಡೆಗಟ್ಟಿ ಗಟ್ಟಿಯಾಯಿತು. ಅದೇ ಚಕಮಕಿ ಕಲ್ಲು.

ಈ ಕಲ್ಲು ನೋಡಲು ಶುಂಠಿಯ ಬೇರಿನಂತೆ ಅಡ್ಡಾದಿಡ್ಡಿ. ಹೊರಗೆ ಬಿಳಿಯ ಸಿಪ್ಪೆ, ಒಳಗೆ ಕಪ್ಪು ಅಥವಾ ಬೂದು ಬಣ್ಣದ ಹೊಳಪು. ಉಕ್ಕಿನಷ್ಟೇ ಗಡಸು, ಆದರೆ ಸರಿಯಾದ ಜಾಗದಲ್ಲಿ ಪೆಟ್ಟು ಬಿದ್ದರೆ ಗಾಜಿನಂತೆ ಸೀಳುತ್ತದೆ. ನೇಗಿಲು ಹೊಡೆದಂತೆಲ್ಲ ಹೊಲದಲ್ಲಿ ಮೇಲೆದ್ದು ಬರುತ್ತದೆ. ಸಮುದ್ರದ ದಂಡೆಯಲ್ಲಿ ಅಲೆಗಳಿಗೆ ಸಿಕ್ಕಿ ನುಣುಪಾಗಿ ಗುಂಡಗೆ ಬಿದ್ದಿರುತ್ತದೆ.

'ಚಕಮಕಿ' ಎಂಬ ನಮ್ಮ ಶಬ್ದದ ಪ್ರಯಾಣವೂ ಕುತೂಹಲಕರ. ಉರ್ದುವಿನ 'ಚಕ್ಮಾಕ್' ನಿಂದ ಅದು ಕನ್ನಡಕ್ಕೆ ಬಂದಿದೆ. ಅದರ ಮೂಲ ತುರ್ಕಿ ಭಾಷೆ. ತುರ್ಕಿಯಲ್ಲಿ ಆ ಧಾತುವಿಗೆ ಹೊಡೆದು ಕಿಡಿ ಎಬ್ಬಿಸು ಎಂಬ ಅರ್ಥವಿದೆ. ಇಂದಿಗೂ ತುರ್ಕರು ಸಿಗರೇಟಿನ ಲೈಟರಿಗೆ 'ಚಕ್ಮಕ್' ಎಂದೇ ಹೇಳುತ್ತಾರೆ.

ಐದು ಸಾವಿರ ವರ್ಷಗಳ ಪರಿಚಯ

ಈ ನಾಡಿನ ಜನರಿಗೆ ಚಕಮಕಿ ಕಲ್ಲಿನ ಪರಿಚಯ ಬಹಳ ಹಳೆಯದು. ನಾರ್ಫೋಕಿನ ಗ್ರೈಮ್ಸ್ ಗ್ರೇವ್ಸ್ ಎಂಬಲ್ಲಿ ಸುಮಾರು 4,500 ವರ್ಷಗಳ ಹಿಂದೆ ನವಶಿಲಾಯುಗದ ಜನರು ತೋಡಿದ 400ಕ್ಕೂ ಹೆಚ್ಚು ಗಣಿ ಬಾವಿಗಳಿವೆ. ಜಿಂಕೆಯ ಕೊಂಬನ್ನೇ ಗುದ್ದಲಿಯಾಗಿ ಬಳಸಿ, ಹತ್ತಾರು ಅಡಿ ಆಳಕ್ಕೆ ಇಳಿದು, ಕೊಡಲಿ ಮಾಡಲು ಒಳ್ಳೆಯ ಕಪ್ಪು ಕಲ್ಲನ್ನು ಅವರು ತೆಗೆಯುತ್ತಿದ್ದರು.

ಕಲ್ಲಿಗೆ ಇಟ್ಟಿಗೆಯ ಜೊತೆ ಕೂಡಿಸಿದವರು ರೋಮನ್ನರು. ಕ್ರಿ.ಶ. ಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ ಬರ್ಗ್ ಕ್ಯಾಸಲ್ ಕೋಟೆಯ ಗೋಡೆಗಳು ಇಂದಿಗೂ ನಿಂತಿವೆ. ಚಕಮಕಿ ಕಲ್ಲಿನ ಕೆಲವು ವರಸೆ, ಅದರ ಮೇಲೆ ಚಪ್ಪಟೆ ಕೆಂಪು ಇಟ್ಟಿಗೆಯ ಪಟ್ಟಿ, ಮತ್ತೆ ಕಲ್ಲು. ಈ ಪಟ್ಟಿಗಳು ಅಂದಕ್ಕಾಗಿ ಮಾತ್ರ ಇಟ್ಟವಲ್ಲ. ಅಡ್ಡಾದಿಡ್ಡಿ ಕಲ್ಲುಗಳನ್ನು ಅವು ಸೊಂಟಪಟ್ಟಿಯಂತೆ ಹಿಡಿದಿಡುತ್ತವೆ.

ರೋಮನ್ನರು ಹೋದ ಮೇಲೆ ಬ್ರಿಟನ್ನಿನಲ್ಲಿ ಇಟ್ಟಿಗೆ ಸುಡುವ ವಿದ್ಯೆಯೇ ನೂರಾರು ವರ್ಷ ಮರೆತುಹೋಯಿತು. 1077ರಿಂದ ಸೇಂಟ್ ಆಲ್ಬನ್ಸ್ ಊರಿನ ದೊಡ್ಡ ಮಠವನ್ನು ಮತ್ತೆ ಕಟ್ಟುವಾಗ, ಹಾಳುಬಿದ್ದ ರೋಮನ್ ನಗರದ ಇಟ್ಟಿಗೆಗಳನ್ನು ಕಿತ್ತು ತಂದು ಚಕಮಕಿ ಕಲ್ಲಿನೊಂದಿಗೆ ಬಳಸಿದರು. ಒಂದು ವಿದ್ಯೆಯನ್ನು ಒಮ್ಮೆ ಕೈಬಿಟ್ಟರೆ ಅದನ್ನು ಮರಳಿ ಪಡೆಯಲು ಎಷ್ಟು ತಲೆಮಾರು ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇಟ್ಟಿಗೆ ಇಲ್ಲದ ಆ ಕಾಲದಲ್ಲಿ ಬರೀ ಚಕಮಕಿ ಕಲ್ಲಿನಿಂದ ಕಟ್ಟುವವರಿಗೆ ಒಂದು ಕಷ್ಟ ಎದುರಾಯಿತು. ಗುಂಡು ಕಲ್ಲಿನಿಂದ ಗೋಡೆಯ ಮೂಲೆಯನ್ನು ನೇರವಾಗಿ ಎಬ್ಬಿಸುವುದು ಹೇಗೆ? ನಾರ್ಫೋಕಿನಲ್ಲಿ ಗುಂಡಗಿನ ಗೋಪುರವುಳ್ಳ ಹಳೆಯ ಚರ್ಚುಗಳು ನೂರಕ್ಕೂ ಹೆಚ್ಚು ಇವೆ. ಮೂಲೆಯೇ ಇಲ್ಲದಿದ್ದರೆ ಮೂಲೆಗಲ್ಲಿನ ಚಿಂತೆ ಇಲ್ಲ ಎಂಬ ಕಾರಣದಿಂದ ಗೋಪುರವನ್ನು ಗುಂಡಗೆ ಕಟ್ಟಿದರು ಎಂದು ಕೆಲವರು ಹೇಳುತ್ತಾರೆ. ಅದು ಆ ಕಾಲದ ರೂಢಿ ಅಷ್ಟೇ ಎನ್ನುವ ವಿದ್ವಾಂಸರೂ ಇದ್ದಾರೆ.

ಹದಿಮೂರನೆಯ ಶತಮಾನದಲ್ಲಿ ಇಟ್ಟಿಗೆ ಮರಳಿ ಬಂದಿತು. ಪಕ್ಕದ ಸಫೋಕ್ ಪ್ರಾಂತ್ಯದಲ್ಲಿ ಸುಮಾರು 1270-80ರ ಅವಧಿಯಲ್ಲಿ ಕಟ್ಟಿದ ಲಿಟಲ್ ವೆನ್‌ಹ್ಯಾಮ್ ಹಾಲ್ ಇಂಗ್ಲೆಂಡಿನ ಅತ್ಯಂತ ಹಳೆಯ ಇಟ್ಟಿಗೆಯ ಮನೆಗಳಲ್ಲಿ ಒಂದು. ಸಮುದ್ರದ ಆಚೆ ದಡದ ಹಾಲೆಂಡ್ ಮತ್ತು ಫ್ಲ್ಯಾಂಡರ್ಸ್ ಜೊತೆಗಿನ ವ್ಯಾಪಾರವು ಈ ವಿದ್ಯೆ ಹರಡಲು ನೆರವಾಯಿತು. ಆದರೆ ಬಹುಕಾಲ ಇಟ್ಟಿಗೆ ಶ್ರೀಮಂತರ ವಸ್ತುವಾಗಿಯೇ ಉಳಿಯಿತು. ರೈತರ ಮನೆಗಳು ಮರದ ಚೌಕಟ್ಟು ಮತ್ತು ಮಣ್ಣಿನವು. ಹದಿನಾರನೆಯ ಶತಮಾನದ ಕೊನೆಯಲ್ಲಿ ಧಾನ್ಯದ ಬೆಲೆ ಏರಿ, ಸ್ವಂತ ಜಮೀನುಳ್ಳ ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಅವರು ಮನೆಗಳನ್ನು ಹೊಸದಾಗಿ ಕಟ್ಟಲಾರಂಭಿಸಿದರು. ಡಬ್ಲ್ಯು. ಜಿ. ಹಾಸ್ಕಿನ್ಸ್ ಎಂಬ ಇತಿಹಾಸಕಾರರು 1953ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ 1570ರಿಂದ 1640ರವರೆಗಿನ ಅವಧಿಯನ್ನು ಗ್ರಾಮೀಣ ಇಂಗ್ಲೆಂಡಿನ ಪುನರ್ನಿರ್ಮಾಣದ ಕಾಲ ಎಂದು ಗುರುತಿಸಿದರು. ನಾರ್ಫೋಕಿನ ಪಾಸ್ಟನ್ ಎಂಬ ಹಳ್ಳಿಯಲ್ಲಿ 1581ರಲ್ಲಿ ಕಟ್ಟಿದ, ಹುಲ್ಲಿನ ಮಾಡಿನ ಭಾರೀ ಧಾನ್ಯದ ಕಟ್ಟಡ ಇಂದಿಗೂ ಇದೆ. ಅದರ ಗೋಡೆಗಳು ಚಕಮಕಿ ಕಲ್ಲಿನವೇ.

ಗೋಡೆ ಏಳುವ ಬಗೆ

ಈಗ ಗೋಡೆಯ ಹತ್ತಿರ ಹೋಗೋಣ. ಚಕಮಕಿ ಕಲ್ಲಿಗೂ ಇಟ್ಟಿಗೆಗೂ ಇರುವ ಸಂಬಂಧವನ್ನು ತಿಳಿದರೆ ಇಡೀ ಮನೆ ಅರ್ಥವಾದಂತೆಯೇ.

ಚಕಮಕಿ ಕಲ್ಲು ಮಳೆಗೆ ಕರಗುವುದಿಲ್ಲ, ಚಳಿಗೆ ಹೊಪ್ಪಳೆ ಏಳುವುದಿಲ್ಲ, ಹುಳುವಿಗೆ ತುತ್ತಾಗುವುದಿಲ್ಲ. ಹೊಲದಲ್ಲಿ ಪುಕ್ಕಟೆ ಸಿಗುತ್ತದೆ. ಇವು ಅದರ ಗುಣಗಳು. ಅದರ ದೋಷಗಳೂ ಅಷ್ಟೇ ಇವೆ. ಅದಕ್ಕೆ ನೇರವಾದ ಅಂಚಿಲ್ಲ. ಆದ್ದರಿಂದ ಮೂಲೆ, ಬಾಗಿಲು, ಕಿಟಕಿಯ ಪಕ್ಕ ಕಟ್ಟಲು ಬರುವುದಿಲ್ಲ. ಅದು ನೀರು ಹೀರುವುದಿಲ್ಲ. ಆದ್ದರಿಂದ ಗಾರೆ ಬೇಗ ಗಟ್ಟಿಯಾಗುವುದಿಲ್ಲ. ಜೋರು ಬೆಂಕಿಯ ಶಾಖಕ್ಕೆ ಅದು ಸಿಡಿಯುತ್ತದೆ. ಆದ್ದರಿಂದ ಒಲೆ ಮತ್ತು ಹೊಗೆಗೂಡಿಗೆ ಅದು ಸಲ್ಲದು.

ಇಟ್ಟಿಗೆ ಇದಕ್ಕೆ ತದ್ವಿರುದ್ಧ. ಅದಕ್ಕೆ ನೇರ ಅಂಚಿದೆ, ಅದು ಬೆಂಕಿಯಲ್ಲೇ ಹುಟ್ಟಿದ್ದು. ಆದರೆ ಅದಕ್ಕೆ ಹಣ ಬೇಕು, ಸುಡಲು ಸೌದೆ ಬೇಕು. ಆದ್ದರಿಂದ ರೈತನು ಲೆಕ್ಕ ಹಾಕಿದ. ಗೋಡೆಯ ವಿಶಾಲ ಭಾಗಕ್ಕೆಲ್ಲ ಪುಕ್ಕಟೆಯ ಚಕಮಕಿ ಕಲ್ಲು. ಮೂಲೆ, ಬಾಗಿಲು, ಕಿಟಕಿ, ಸೂರಿನ ಅಂಚು, ಹೊಗೆಗೂಡು ಇಷ್ಟಕ್ಕೆ ಮಾತ್ರ ಇಟ್ಟಿಗೆ. ಎತ್ತರದ ಗೋಡೆಯಾದರೆ ನಡುನಡುವೆ ಒಂದೆರಡು ವರಸೆ ಇಟ್ಟಿಗೆಯ ಪಟ್ಟಿ. ಮೂಲೆಯ ಇಟ್ಟಿಗೆಗಳನ್ನು ಒಂದು ಉದ್ದ, ಒಂದು ಗಿಡ್ಡ ಎಂದು ಹಲ್ಲಿನಂತೆ ಕಲ್ಲಿನೊಳಗೆ ನುಗ್ಗಿಸಿ ಕಟ್ಟುತ್ತಿದ್ದರು. ಹೀಗಾಗಿ ಎರಡೂ ಒಂದನ್ನೊಂದು ಹಿಡಿದುಕೊಂಡವು. ಕಪ್ಪು-ಬೂದು ಗೋಡೆಯ ಮೇಲೆ ಕೆಂಪು ಅಂಚು ಮೂಡಿ ನೋಡಲು ಚೆಂದವೂ ಆಯಿತು. ಆದರೆ ಗಮನಿಸಿ, ಮೊದಲು ಬಂದದ್ದು ಅಗತ್ಯ. ಅಂದ ಅದರ ಹಿಂದೆ ಬಂದಿತು.

ಗೋಡೆಯ ದಪ್ಪ ಸಾಮಾನ್ಯವಾಗಿ ಒಂದೂವರೆ ಅಡಿ ಅಥವಾ ಅದಕ್ಕಿಂತ ಹೆಚ್ಚು. ಒಳಗೊಂದು ಹೊರಗೊಂದು ಮುಖ ಕಟ್ಟಿ, ನಡುವೆ ಕಲ್ಲಿನ ಚೂರು ಮತ್ತು ಗಾರೆ ತುಂಬುತ್ತಿದ್ದರು. ಗಾರೆ ಎಂದರೆ ಸುಣ್ಣ ಮತ್ತು ಮರಳು. ಸುಣ್ಣವೂ ಅದೇ ನೆಲದ ಚಾಕ್ ಕಲ್ಲನ್ನು ಸುಟ್ಟು ಮಾಡಿದ್ದು. ಕಲ್ಲು ನೀರು ಹೀರದ ಕಾರಣ ಒಂದೇ ದಿನ ಬಹಳ ಎತ್ತರ ಕಟ್ಟಿದರೆ ಕೆಳಗಿನ ಹಸಿ ಗಾರೆ ಭಾರಕ್ಕೆ ಉಬ್ಬಿ ಗೋಡೆ ಕುಸಿಯುತ್ತಿತ್ತು. ಹೀಗಾಗಿ ಮೇಸ್ತ್ರಿ ಒಂದೆರಡು ಅಡಿ ಕಟ್ಟಿ, ಅದು ಬಿಗಿಯುವವರೆಗೆ ಕಾಯಬೇಕಾಗಿತ್ತು. ಹಿಮ ಬೀಳುವ ಕಾಲದಲ್ಲಿ ಕೆಲಸ ನಿಲ್ಲಿಸಬೇಕಾಗಿತ್ತು. ತಾಳ್ಮೆ ಇಲ್ಲದವನಿಗೆ ಈ ಕೆಲಸವಲ್ಲ.

ಹಣವುಳ್ಳವರು ಕಲ್ಲನ್ನು ಸುತ್ತಿಗೆಯಿಂದ ಸೀಳಿಸಿ, ಹೊಳೆಯುವ ಕಪ್ಪು ಮುಖ ಹೊರಗೆ ಕಾಣುವಂತೆ ಕೂರಿಸುತ್ತಿದ್ದರು. ಇನ್ನೂ ಹೆಚ್ಚು ಖರ್ಚು ಮಾಡುವವರು ಅದನ್ನು ಚೌಕಾಕಾರಕ್ಕೆ ತರಿಸುತ್ತಿದ್ದರು. ಹದಿನೈದನೆಯ ಶತಮಾನದ ಆರಂಭದಲ್ಲಿ ಕಟ್ಟಿದ ನಾರ್ವಿಚ್ ನಗರದ ಗಿಲ್ಡ್‌ಹಾಲ್ ಕಟ್ಟಡದಲ್ಲಿ ಇಂಥ ಕೆಲಸವನ್ನು ಚದುರಂಗದ ಮನೆಗಳಂತೆ ಕಾಣಬಹುದು. ಸೀಳುವಾಗ ಉದುರಿದ ಚೂರುಗಳನ್ನೂ ಬಿಸಾಡುತ್ತಿರಲಿಲ್ಲ. ಕಲ್ಲುಗಳ ನಡುವಿನ ಹಸಿ ಗಾರೆಯಲ್ಲಿ ಅವುಗಳನ್ನು ಸಾಲಾಗಿ ಚುಚ್ಚುತ್ತಿದ್ದರು. ರೈತಮನೆಗಳಲ್ಲಿ ಮುಂದಿನ ಗೋಡೆಗೆ ಮಾತ್ರ ಸೀಳಿದ ಕಲ್ಲು, ಹಿಂದಿನ ಗೋಡೆಗೆ ಹೊಲದಿಂದ ತಂದ ಹಾಗೆಯೇ ಇಟ್ಟ ಕಲ್ಲು ಇರುವುದುಂಟು. ಮಾನ ಮುಂದಿನ ಬಾಗಿಲಿಗೆ ಎಂಬ ಭಾವನೆ ಎಲ್ಲ ದೇಶಗಳಲ್ಲೂ ಒಂದೇ!

ಇದೇ ಕಲ್ಲಿಗೆ ಇನ್ನೊಂದು ಮುಖವೂ ಇದೆ. ಸಫೋಕಿನ ಗಡಿಯಲ್ಲಿರುವ ಬ್ರಾಂಡನ್ ಎಂಬ ಊರಿನ ಕುಶಲಕರ್ಮಿಗಳು ಹದಿನೆಂಟನೆಯ ಶತಮಾನದ ಕೊನೆಯಿಂದ ಬ್ರಿಟಿಷ್ ಸೈನ್ಯಕ್ಕೆ ಬಂದೂಕಿನ ಕಲ್ಲುಗಳನ್ನು ಸೀಳಿ ಕೊಡುತ್ತಿದ್ದರು. ಆ ಕಾಲದ ಬಂದೂಕಿನಲ್ಲಿ ಮದ್ದಿಗೆ ಕಿಡಿ ಹೊತ್ತಿಸುತ್ತಿದ್ದುದು ಚಕಮಕಿ ಕಲ್ಲೇ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಕಂಪನಿಯ ಸೈನ್ಯದ ಕಡೆಯೂ ಟಿಪ್ಪು ಸುಲ್ತಾನರ ಕಡೆಯೂ ಈ ಬಗೆಯ ಬಂದೂಕುಗಳಿದ್ದವು. ಬ್ರಾಂಡನ್ನಿನಲ್ಲಿ ಬಂದೂಕಿಗೆ ಸಲ್ಲದೆ ಉಳಿದ ತುಂಡುಗಳಿಂದ ಜನರು ಮನೆ ಕಟ್ಟಿಕೊಂಡರು.

ಬಾಗಿಲೊಳಗೆ

ಹದಿನೇಳನೆಯ ಶತಮಾನದ ನಾರ್ಫೋಕ್ ರೈತಮನೆಯ ಸಾಮಾನ್ಯ ವಿನ್ಯಾಸ ಹೀಗಿರುತ್ತದೆ. ಮನೆ ಉದ್ದವಾಗಿದ್ದು ಒಂದೇ ಕೋಣೆಯಷ್ಟು ಅಗಲ. ಸಾಲಾಗಿ ಮೂರು ಕೋಣೆಗಳು. ನಡುವೆ ಇಟ್ಟಿಗೆಯ ಬೃಹತ್ ಹೊಗೆಗೂಡು. ಮುಂಬಾಗಿಲು ತೆರೆದರೆ ಎದುರಿಗೆ ಕಾಣುವುದು ಆ ಹೊಗೆಗೂಡಿನ ಗೋಡೆ. ಚಿಕ್ಕ ಜಾಗದಲ್ಲಿ ನಿಂತು ಒಂದು ಕಡೆ ತಿರುಗಿದರೆ ಅಡುಗೆ-ಊಟದ ದೊಡ್ಡ ಕೋಣೆ, ಇನ್ನೊಂದು ಕಡೆ ತಿರುಗಿದರೆ ಅತಿಥಿಗಳಿಗೆ ಮತ್ತು ಯಜಮಾನನಿಗೆ ಮೀಸಲಾದ ಒಳ್ಳೆಯ ಕೋಣೆ. ಒಂದೇ ಹೊಗೆಗೂಡಿನ ಎರಡು ಬದಿಗೆ ಎರಡು ಒಲೆ. ಚಳಿಯ ನಾಡಿನಲ್ಲಿ ಎರಡು ಕೋಣೆಗಳನ್ನೂ ಬೆಚ್ಚಗಿಡುವ ಮಿತವ್ಯಯದ ಉಪಾಯವಿದು. ಒಲೆಯ ಪಕ್ಕದಲ್ಲೇ ರೊಟ್ಟಿ ಬೇಯಿಸುವ ಭಟ್ಟಿ ಇರುವುದುಂಟು.

ಮೂರನೆಯ ಕೋಣೆ ಹಾಲು, ಬೆಣ್ಣೆ, ಚೀಸ್ ಇಡುವ ಜಾಗ. ಅದನ್ನು ಸಾಮಾನ್ಯವಾಗಿ ಬಿಸಿಲು ಬೀಳದ ಉತ್ತರದ ಕಡೆಗೆ ಇಡುತ್ತಿದ್ದರು. ದಪ್ಪ ಕಲ್ಲಿನ ಗೋಡೆ ಅದನ್ನು ತಂಪಾಗಿಡುತ್ತಿತ್ತು. ಅಂಗಳದಲ್ಲಿ ಧಾನ್ಯದ ದೊಡ್ಡ ಕಟ್ಟಡವನ್ನು ಉತ್ತರಕ್ಕೆ ಕಟ್ಟಿ, ದನಗಳ ಆವರಣವನ್ನು ಅದರ ದಕ್ಷಿಣಕ್ಕೆ ಇಡುವುದು ರೂಢಿ. ಚಳಿಗಾಳಿಗೆ ಕಟ್ಟಡ ಅಡ್ಡ, ದನಗಳಿಗೆ ಬಿಸಿಲು.

ಈ ಕೋಣೆಗಳ ಹೆಸರು ನಮಗೆ ಹೇಗೆ ಗೊತ್ತು? ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಒಬ್ಬ ಗೃಹಸ್ಥ ತೀರಿಕೊಂಡರೆ ನೆರೆಹೊರೆಯವರು ಬಂದು ಅವನ ಸೊತ್ತಿನ ಪಟ್ಟಿ ಮಾಡುತ್ತಿದ್ದರು. ಕೋಣೆ ಕೋಣೆಗೂ ಹೋಗಿ ಹಾಸಿಗೆ, ಪಾತ್ರೆ, ಮೇಜು, ಬೆಣ್ಣೆ ಕಡೆಯುವ ಸಾಧನ ಎಲ್ಲವನ್ನೂ ಬೆಲೆಯೊಂದಿಗೆ ಬರೆಯುತ್ತಿದ್ದರು. ವಾರಸುದಾರರ ಅನುಕೂಲಕ್ಕೆ ಬರೆದ ಆ ಪಟ್ಟಿಗಳು ಇಂದು ಇತಿಹಾಸಕಾರರಿಗೆ ಅಮೂಲ್ಯ ಆಧಾರಗಳಾಗಿವೆ.

ಮನೆಯ ವಯಸ್ಸು ಓದುವುದು

ಹಳೆಯ ಮನೆಯ ಮುಂದೆ ನಿಂತು ಅದರ ಕಾಲವನ್ನು ಅಂದಾಜು ಮಾಡಲು ಕೆಲವು ಸುಳಿವುಗಳಿವೆ.

ಮೊದಲನೆಯದು ಪಕ್ಕದ ತ್ರಿಕೋನ ಗೋಡೆ. ಅದರ ಓರೆ ಅಂಚಿನಲ್ಲಿ ಇಟ್ಟಿಗೆಗಳನ್ನು ನೆಲಕ್ಕೆ ಸಮಾನಾಂತರವಾಗಿ ಇಡದೆ, ಇಳಿಜಾರಿಗೆ ಲಂಬವಾಗಿ ತ್ರಿಕೋನದ ಗುಂಪುಗಳಲ್ಲಿ ಜೋಡಿಸಿರುತ್ತಾರೆ. ಇದರಿಂದ ಇಟ್ಟಿಗೆ ಕತ್ತರಿಸುವ ಶ್ರಮ ತಪ್ಪಿ, ಅಂಚು ನುಣುಪಾಗಿ ಮಳೆಗೆ ಜಗ್ಗದೆ ನಿಲ್ಲುತ್ತದೆ. ಹಾಲೆಂಡ್ ಕಡೆಯಿಂದ ಬಂದ ಈ ಕಸುಬು ಹದಿನೇಳು-ಹದಿನೆಂಟನೆಯ ಶತಮಾನಗಳಲ್ಲಿ ಇಲ್ಲಿ ಬಹಳ ಜನಪ್ರಿಯವಾಗಿತ್ತು. ಕೆಲವು ಮನೆಗಳಲ್ಲಿ ಕಟ್ಟಿದ ಇಸವಿಯನ್ನೇ ಕಬ್ಬಿಣದ ಅಂಕಿಗಳಲ್ಲಿ ಗೋಡೆಗೆ ಬಿಗಿದಿರುತ್ತಾರೆ.

ಎರಡನೆಯದು ಮಾಡು. ಹಳೆಯ ಕಾಲದಲ್ಲಿ ಜೊಂಡು ಅಥವಾ ಹುಲ್ಲು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನಿಂದ ಅಲೆಯಂತೆ ಬಾಗಿದ ಹೆಂಚುಗಳು ಬಂದವು. ಮುಂದೆ ಅಲ್ಲಿಯೇ ತಯಾರಾಗತೊಡಗಿದವು. ರೈಲು ಬಂದ ನಂತರ ವೇಲ್ಸ್ ನಾಡಿನ ತೆಳು ಕಪ್ಪು ಕಲ್ಲಿನ ಹಲಗೆಗಳೂ ಮಾಡಿಗೆ ಏರಿದವು.

ಮೂರನೆಯದು ಇಟ್ಟಿಗೆ ಜೋಡಿಸಿದ ಬಗೆ. ಒಂದು ವರಸೆ ಪೂರ್ತಿ ಉದ್ದ ಮುಖ, ಮುಂದಿನ ವರಸೆ ಪೂರ್ತಿ ತಲೆ ಮುಖ ಕಾಣುವಂತೆ ಕಟ್ಟುವುದು ಹಳೆಯ ಇಂಗ್ಲಿಷ್ ಪದ್ಧತಿ. ಒಂದೇ ವರಸೆಯಲ್ಲಿ ಉದ್ದ, ತಲೆ, ಉದ್ದ, ತಲೆ ಎಂದು ಬದಲಾಯಿಸುವುದು ಫ್ಲೆಮಿಶ್ ಪದ್ಧತಿ. 1631ರಲ್ಲಿ ಲಂಡನ್ ಬಳಿ ಕಟ್ಟಿದ ಕ್ಯೂ ಅರಮನೆ ಇದರ ಆರಂಭದ ಉದಾಹರಣೆಗಳಲ್ಲಿ ಒಂದು. ಅದು ಹಳ್ಳಿಗಳಿಗೆ ತಲುಪಲು ಇನ್ನೂ ಕಾಲ ಹಿಡಿಯಿತು.

ನಾಲ್ಕನೆಯದು ತೆರಿಗೆಯ ಗುರುತು. ಅಮೆರಿಕದ ವಸಾಹತುಗಳೊಂದಿಗಿನ ಯುದ್ಧದಲ್ಲಿ ಸೋತು ಸಾಲದಲ್ಲಿ ಮುಳುಗಿದ್ದ ಬ್ರಿಟಿಷ್ ಸರಕಾರ 1784ರಲ್ಲಿ ಇಟ್ಟಿಗೆಯ ಮೇಲೆ ತೆರಿಗೆ ಹಾಕಿತು. ಸಾವಿರ ಇಟ್ಟಿಗೆಗೆ ಎರಡೂವರೆ ಶಿಲ್ಲಿಂಗ್. ತೆರಿಗೆ ಎಣಿಕೆಯ ಮೇಲೆ ಎಂದಾಗ ಕೆಲವರು ಇಟ್ಟಿಗೆಯನ್ನೇ ದೊಡ್ಡದು ಮಾಡಿದರು! ಆಗ 1803ರಲ್ಲಿ ದೊಡ್ಡ ಇಟ್ಟಿಗೆಗೆ ಇಮ್ಮಡಿ ತೆರಿಗೆ ಬಂದಿತು. 1850ರಲ್ಲಿ ಈ ತೆರಿಗೆ ರದ್ದಾಯಿತು. ಕಿಟಕಿಗಳ ಮೇಲೂ 1696ರಿಂದ 1851ರವರೆಗೆ ತೆರಿಗೆ ಇತ್ತು. ತೆರಿಗೆ ತಪ್ಪಿಸಲು ಜನರು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದರು. ಹಾಲಿನ ಕೋಣೆಗೆ ಮಾತ್ರ ವಿನಾಯಿತಿ ಸಿಕ್ಕಿತು. ಅದಕ್ಕಾಗಿ ಆ ಕೋಣೆಯ ಹೆಸರನ್ನು ಮೇಲೆ ಬರೆಯಬೇಕಾಗಿತ್ತು. ಅಂಥ ಬರಹಗಳು ಕೆಲವು ಮನೆಗಳಲ್ಲಿ ಇಂದಿಗೂ ಉಳಿದಿವೆ. ಸರಕಾರದ ಖಜಾನೆಯ ಕಥೆ ಒಬ್ಬ ರೈತನ ಗೋಡೆಯ ಮೇಲೆ ಹೀಗೆ ಮೂಡಿದೆ.

ಗೋಡೆಯಲ್ಲಿ ಕಾಣದ ಕೈಗಳು

ಪ್ರಿಯ ವಿದ್ಯಾರ್ಥಿಗಳೇ, ಇಲ್ಲಿಯವರೆಗೆ ಮನೆಯ ಯಜಮಾನನ ಮಾತಾಯಿತು. ಅಂಥ ಗೋಡೆಗಳಿಗೆ ಹೊಲದಿಂದ ಕಲ್ಲು ಬಂದದ್ದು ಹೇಗೆ, ಆ ಹೊಲಗಳಲ್ಲಿ ದುಡಿದವರು ಯಾರು ಎಂದೂ ಕೇಳಬೇಕಲ್ಲವೇ?

ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಾರ್ಫೋಕ್ ಸುಧಾರಿತ ಬೇಸಾಯಕ್ಕೆ ಹೆಸರಾಯಿತು. ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್ ಹುಲ್ಲು ಎಂದು ನಾಲ್ಕು ವರ್ಷಗಳ ಬೆಳೆ ಸರದಿ, ಹೋಕಮ್ ಎಸ್ಟೇಟಿನ ಥಾಮಸ್ ಕೋಕ್ ಅವರ ಹೆಸರು, ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿವೆ. ಅದೇ ಕಾಲದಲ್ಲಿ ಊರಿನ ಸಾಮೂಹಿಕ ಗೋಮಾಳ ಮತ್ತು ತೆರೆದ ಹೊಲಗಳಿಗೆ ಬೇಲಿ ಹಾಕಿ ಖಾಸಗಿ ಮಾಡುವ ಕಾಯಿದೆಗಳು ಬಂದವು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯಿದೆಗಳು ಇಂಗ್ಲೆಂಡಿನಲ್ಲಿ ಜಾರಿಯಾದವು. ಸುಮಾರು 68 ಲಕ್ಷ ಎಕರೆ ಭೂಮಿ ಇವುಗಳ ವ್ಯಾಪ್ತಿಗೆ ಬಂದಿತು. ದೊಡ್ಡ ರೈತರ ಮನೆಗಳು ಇನ್ನಷ್ಟು ದೊಡ್ಡವಾದವು. ಒಂದು ಹಸು ಮೇಯಿಸಿಕೊಂಡಿದ್ದ ಬಡವ ಕೂಲಿಯಾಳಾದ.

ಇದರ ಗುರುತು ಮನೆಯೊಳಗೂ ಇದೆ. ಹಿಂದೆ ರೈತನ ಆಳುಗಳು ಅವನ ಮನೆಯಲ್ಲೇ ಮಲಗಿ, ದೊಡ್ಡ ಕೋಣೆಯಲ್ಲಿ ಅವನ ಜೊತೆಗೇ ಊಟ ಮಾಡುತ್ತಿದ್ದರು. ನಂತರ ಯಜಮಾನನು ಅಲಂಕರಿಸಿದ ತನ್ನ ಕೋಣೆಗೆ ಸರಿದ. ಆಳುಗಳು ಹೊರಗಿನ ಬಾಡಿಗೆ ಗುಡಿಸಲಿಗೆ ಹೋದರು. 1820ರ ದಶಕದಲ್ಲಿ ಹಳ್ಳಿಗಳನ್ನು ಸುತ್ತಿದ ವಿಲಿಯಂ ಕಾಬೆಟ್ ಎಂಬ ಲೇಖಕ ಈ ಬದಲಾವಣೆಯನ್ನು ಕಟುವಾಗಿ ಟೀಕಿಸಿದ. 1830ರಲ್ಲಿ ಕೂಲಿಕಾರರ ಸಿಟ್ಟು ದಂಗೆಯಾಗಿ ಹೊರಬಂದು, ಧಾನ್ಯ ಬಡಿಯುವ ಯಂತ್ರಗಳನ್ನು ಒಡೆದು ಹಾಕುವ ಮಟ್ಟಕ್ಕೆ ಹೋಯಿತು.

ಹೊಲದ ಕಲ್ಲು ಆರಿಸುವ ಕೆಲಸ ಹೆಂಗಸರು ಮತ್ತು ಮಕ್ಕಳದಾಗಿತ್ತು. ಚಳಿಯಲ್ಲಿ ಸೊಂಟ ಬಗ್ಗಿಸಿ ಆರಿಸಿದ ಕಲ್ಲಿಗೆ ರಾಶಿಯ ಲೆಕ್ಕದಲ್ಲಿ ಪುಡಿಗಾಸು ಸಿಗುತ್ತಿತ್ತು. ಅದರಲ್ಲಿ ಬಹುಪಾಲು ಕಲ್ಲು ರಸ್ತೆಗಳಿಗೆ ಹೋಯಿತು, ಇನ್ನು ಕೆಲವು ಗೋಡೆಗಳಿಗೆ. 1870ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದು ಹಳ್ಳಿ ಹಳ್ಳಿಗಳಲ್ಲಿ ಶಾಲೆಗಳು ತೆರೆದ ಮೇಲೂ ಆ ಪ್ರದೇಶದ ಶಿಕ್ಷಕರ ದಿನಚರಿಗಳಲ್ಲಿ, ಮಕ್ಕಳು ಕಲ್ಲು ಆರಿಸಲು ಹೋದ ಕಾರಣ ಗೈರುಹಾಜರು ಎಂಬ ದಾಖಲೆಗಳು ಕಾಣುತ್ತವೆ. 1880ರಲ್ಲಿ ಹತ್ತು ವರ್ಷದವರೆಗಿನ ಮಕ್ಕಳ ಹಾಜರಿ ಕಡ್ಡಾಯವಾಯಿತು. ಹಾಜರಿ ಪುಸ್ತಕ ಹಿಡಿದು ನಿಲ್ಲುವ ಯಾವ ಶಿಕ್ಷಕನಿಗೂ ಈ ಸಾಲುಗಳ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ. ಗೋಡೆಯ ಒಂದೊಂದು ಕಲ್ಲಿನ ಹಿಂದೆ ಒಂದು ಕೈ ಇದೆ. ಆ ಕೈಗಳಲ್ಲಿ ಕೆಲವು ಪುಸ್ತಕ ಹಿಡಿಯಬೇಕಾಗಿದ್ದ ಕೈಗಳು.

ಸುಣ್ಣವೋ ಸಿಮೆಂಟೋ?

1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟ್ ಎಲ್ಲ ಕಡೆ ಹರಡಿತು. ಹಳೆಯ ಮನೆಗಳ ಸಂದುಗಳಲ್ಲಿ ಸುಣ್ಣದ ಗಾರೆ ಉದುರಿದಾಗ ಜನರು ಒಳ್ಳೆಯ ಉದ್ದೇಶದಿಂದಲೇ ಅದರ ಜಾಗಕ್ಕೆ ಸಿಮೆಂಟ್ ತುಂಬಿದರು. ಫಲಿತಾಂಶ ಒಳ್ಳೆಯದಾಗಲಿಲ್ಲ.

ಕಾರಣ ಸರಳ. ಚಕಮಕಿ ಕಲ್ಲಿನೊಳಗೆ ನೀರು ಇಳಿಯುವುದಿಲ್ಲ. ಮಳೆಯಿಂದಲೋ ನೆಲದಿಂದಲೋ ಗೋಡೆಗೆ ಸೇರಿದ ತೇವ ಹೊರಗೆ ಹೋಗಬೇಕಾದರೆ ಗಾರೆಯ ಸಂದು ಒಂದೇ ದಾರಿ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ. ಗೋಡೆ ಸ್ವಲ್ಪ ಅಲುಗಿದರೂ ಅದು ಬಾಗಿ ಹೊಂದಿಕೊಳ್ಳುತ್ತದೆ. ಸಿಮೆಂಟ್ ಗಡಸು. ಅದು ದಾರಿಯನ್ನೇ ಮುಚ್ಚುತ್ತದೆ. ತೇವ ಒಳಗೆ ಸಿಕ್ಕಿಬಿದ್ದು ಗೋಡೆಯ ಒಳಭಾಗ ಸಡಿಲವಾಗುತ್ತದೆ, ಮರದ ತೊಲೆಗಳು ಕೊಳೆಯುತ್ತವೆ. ಹಿಮಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಮೃದುವಾದ ಹಳೆಯ ಇಟ್ಟಿಗೆಯ ಮುಖ ಒಡೆಯುತ್ತದೆ. ಗಟ್ಟಿಮುಟ್ಟು ಮಾಡಲು ಹೋಗಿ ಗೋಡೆಯನ್ನೇ ದುರ್ಬಲಗೊಳಿಸಿದಂತಾಯಿತು.

ಈ ವಿಷಯದಲ್ಲಿ ಎಚ್ಚರ ಮೂಡಿಸಿದವರಲ್ಲಿ ಒಂದು ಸಂಘ ಮುಖ್ಯವಾದುದು. ಕವಿ ಮತ್ತು ಕಲಾವಿದ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದರು. ಹಳೆಯದನ್ನು ಕೆಡವಿ ಹೊಸದಾಗಿ 'ಹಳೆಯದರಂತೆ' ಕಟ್ಟಬೇಡಿ, ಕಾಲಕಾಲಕ್ಕೆ ಚಿಕ್ಕಪುಟ್ಟ ದುರಸ್ತಿ ಮಾಡುತ್ತಾ ಇರುವುದನ್ನು ಉಳಿಸಿಕೊಳ್ಳಿ ಎಂಬುದು ಅದರ ತತ್ವ. ಸುಣ್ಣದ ಗಾರೆಯ ವಿದ್ಯೆಯನ್ನು ಮತ್ತೆ ಕಲಿಸುವುದರಲ್ಲಿ ಈ ಸಂಘದ ಪಾತ್ರ ದೊಡ್ಡದು. ಎರಡನೆಯ ಮಹಾಯುದ್ಧದ ನಂತರ 1947ರ ಕಾಯಿದೆಯ ಮೂಲಕ ಐತಿಹಾಸಿಕ ಕಟ್ಟಡಗಳ ಪಟ್ಟಿ ಮಾಡುವ ಕೆಲಸ ವ್ಯವಸ್ಥಿತವಾಗಿ ನಡೆಯಿತು. ಇಂಗ್ಲೆಂಡಿನಲ್ಲಿ ಇಂದು ಸುಮಾರು ನಾಲ್ಕು ಲಕ್ಷ ದಾಖಲೆಗಳು ಆ ಪಟ್ಟಿಯಲ್ಲಿವೆ. ಅವುಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಎರಡನೆಯ ದರ್ಜೆಯವು. ಅರಮನೆಗಳ ಜೊತೆಗೆ ರೈತಮನೆ, ಧಾನ್ಯದ ಕಟ್ಟಡ, ಗುಡಿಸಲುಗಳಿಗೂ ಅಲ್ಲಿ ಸ್ಥಾನವಿದೆ. ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪ ಬದಲಿಸುವ ಕೆಲಸಕ್ಕೆ ಮಾಲೀಕನೇ ಆದರೂ ಸ್ಥಳೀಯ ಆಡಳಿತದ ಅನುಮತಿ ಪಡೆಯಬೇಕು.

ನಾವು ಕಲಿಯಬೇಕಾದುದು

ಸುಣ್ಣದ ಗಾರೆ ನಮಗೆ ಹೊರಗಿನದಲ್ಲ. 1656ರಲ್ಲಿ ನಿರ್ಮಾಣ ಮುಗಿದ ವಿಜಾಪುರದ ಗೋಲ ಗುಂಬಜ್‌ನಲ್ಲಿಯೂ ಗೋಡೆಗೆ ಕಪ್ಪು ಕಲ್ಲು, ಮೇಲಿನ ಗುಮ್ಮಟಕ್ಕೆ ಇಟ್ಟಿಗೆ, ಎರಡನ್ನೂ ಹಿಡಿದಿಡಲು ಸುಣ್ಣದ ಗಾರೆ. ಯಾವ ವಸ್ತು ಎಲ್ಲಿಗೆ ಸಲ್ಲುತ್ತದೆ ಎಂಬ ಅದೇ ವಿವೇಕ ಇಲ್ಲಿಯೂ ಕೆಲಸ ಮಾಡಿದೆ. ನಮ್ಮ ಊರುಗಳ ಎಷ್ಟೋ ಹಳೆಯ ಮಸೀದಿ, ಮದರಸ ಮತ್ತು ಮನೆಗಳ ಗೋಡೆಗಳು ಇಂಥ ಗಾರೆಯವೇ. ಅವುಗಳಿಗೆ ಸಿಮೆಂಟ್ ಮೆತ್ತಿ, ಟೈಲ್ಸ್ ಅಂಟಿಸಿ ನವೀಕರಣ ಮಾಡುವ ಮುನ್ನ ಗೋಡೆ ಯಾವುದರಿಂದ ಆಗಿದೆ ಎಂದು ತಿಳಿದವರನ್ನು ಒಮ್ಮೆ ಕೇಳುವುದು ಲೇಸು. ಜಮಾಅತಿನ ಹಣವೂ ಉಳಿದೀತು, ಹಿರಿಯರ ಕೆಲಸವೂ ಉಳಿದೀತು.

ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ನಿಮ್ಮ ಬೀದಿಯ ಅತ್ಯಂತ ಹಳೆಯ ಕಟ್ಟಡದ ಮುಂದೆ ಒಂದು ನೋಟ್ ಪುಸ್ತಕ ಹಿಡಿದು ನಿಲ್ಲಿ. ಗೋಡೆ ಯಾವುದರದ್ದು, ಗಾರೆ ಯಾವುದರದ್ದು, ಮೂಲೆಗೆ ಏನು ಬಳಸಿದ್ದಾರೆ, ಮಾಡು ಯಾವಾಗ ಬದಲಾಯಿತು, ಮುಚ್ಚಿದ ಕಿಟಕಿ ಎಲ್ಲಾದರೂ ಇದೆಯೇ ಎಂದು ಬರೆದುಕೊಳ್ಳಿ. ಆ ಕಟ್ಟಡದಲ್ಲಿ ಕೆಲಸ ಮಾಡಿದ ಮೇಸ್ತ್ರಿಯ ಮಕ್ಕಳೋ ಮೊಮ್ಮಕ್ಕಳೋ ಊರಿನಲ್ಲಿದ್ದರೆ ಅವರನ್ನು ಮಾತನಾಡಿಸಿ. ಸುಣ್ಣ ಎಲ್ಲಿಂದ ಬಂತು, ಅದನ್ನು ಎಷ್ಟು ದಿನ ನೆನೆಸಿಟ್ಟರು ಎಂಬುದು ಅವರಿಗೆ ನೆನಪಿರಬಹುದು. ಆ ನೆನಪು ಯಾವ ಪುಸ್ತಕದಲ್ಲೂ ಇಲ್ಲ.

ನಾರ್ಫೋಕಿನ ರೈತನಿಗೆ ಒಳ್ಳೆಯ ಕಲ್ಲು ಸಿಗಲಿಲ್ಲ. ನೇಗಿಲಿಗೆ ತೊಡರುತ್ತಿದ್ದ ಕಲ್ಲನ್ನೇ ಆರಿಸಿ, ಅದರ ಗುಣವನ್ನೂ ದೋಷವನ್ನೂ ಸರಿಯಾಗಿ ತಿಳಿದು, ದೋಷವಿದ್ದ ಕಡೆಗೆ ಮಾತ್ರ ಇಟ್ಟಿಗೆಯ ನೆರವು ಪಡೆದು ಮನೆ ಕಟ್ಟಿಸಿದ. ಆ ಮನೆಗಳಲ್ಲಿ ಅನೇಕವು ಮುನ್ನೂರು ನಾನೂರು ವರ್ಷಗಳಿಂದ ನಿಂತಿವೆ. ಸುಣ್ಣದ ಗಾರೆಯನ್ನು ಅರಿತು ದುರಸ್ತಿ ಮಾಡುವ ಕೈಗಳು ಇರುವಷ್ಟು ಕಾಲ ಅವು ಇನ್ನೂ ನಿಲ್ಲುತ್ತವೆ.